ಪರ್‌ಫಾರ್ಮೆನ್ಸ್ ಕಾರಿನ ಲಕ್ಷಣ: ಒಂದು ಐತಿಹಾಸಿಕ ವಿವೇಚನೆ

ಒಂದು ವಸ್ತುವಿನ ಲಕ್ಷಣವನ್ನು ಹೇಳಹೊರಟವನು ಮುಖ್ಯವಾಗಿ ಎರಡು ದೋಷಗಳಿಂದ ದೂರವಿರಬೇಕೆಂದು ನಮ್ಮ ತಾರ್ಕಿಕರು ವಿಧಿಸಿದ್ದಾರೆ. ಹೇಳಿದ ಲಕ್ಷಣವು ಲಕ್ಷ್ಯದ ಒಂದು ಭಾಗಕ್ಕೆ ಮಾತ್ರ ಹೊಂದಿದರೆ ಅದು ಅವ್ಯಾಪ್ತಿ. ಲಕ್ಷ್ಯವಲ್ಲದ ವಸ್ತುವಿಗೂ ಹೊಂದಿದರೆ ಅತಿವ್ಯಾಪ್ತಿ. ಹಸುವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುತ್ತದೆ. ಕೊಂಬಿರುವುದೇ ಲಕ್ಷಣವೆಂದರೆ ಎಮ್ಮೆಯೂ ಹಸುವಾಗುತ್ತದೆ. ಈ ಹಳೆಯ ಉದಾಹರಣೆಯನ್ನು ಇಲ್ಲಿ ನೆನೆಯಲು ಕಾರಣವುಂಟು. ಮೋಟಾರು ವಾಹನಗಳಲ್ಲಿ ಕೆಲವನ್ನು ಮಾತ್ರ ‘ಪರ್‌ಫಾರ್ಮೆನ್ಸ್ ಕಾರು’ ಎಂದು ಬೇರ್ಪಡಿಸಿ ಕರೆಯುವ ವಾಡಿಕೆ ಲೋಕದಲ್ಲಿದೆ. ಆ ಹೆಸರಿಗೆ ಯಾವುದು ಅರ್ಹವೆಂದು ಕೇಳಿದರೆ ಥಟ್ಟನೆ ಬರುವ ಉತ್ತರ ‘ವೇಗವಾಗಿ ಓಡುವುದು’ ಎಂಬುದು. ಈ ಉತ್ತರದಲ್ಲಿ ಮೇಲಿನ ಎರಡು ದೋಷಗಳೂ ಇವೆ. ೧೮೯೫ರಲ್ಲಿ ಫ್ರಾನ್ಸಿನ ಜನರನ್ನು ಬೆರಗುಗೊಳಿಸಿದ ಕಾರಿನ ಸರಾಸರಿ ವೇಗ ಗಂಟೆಗೆ ಸುಮಾರು ೨೪ ಕಿಲೋಮೀಟರು. ಇಂದು ಸಂತೆಗೆ ಹೋಗಿಬರುವ ಯಾವ ಸಾಮಾನ್ಯ ಕಾರಾದರೂ ಅದರ ಮೂರುಪಟ್ಟು ವೇಗದಲ್ಲಿ ಓಡಬಲ್ಲುದು. ವೇಗವನ್ನೇ ಲಕ್ಷಣವಾಗಿ ಹಿಡಿದರೆ ಆ ಮಹಾಸಾಧನೆ ಹೊರಗುಳಿದು ಈ ಸಂತೆಯ ಕಾರು ಒಳಗೆ ಬರುತ್ತದೆ.

ಆದಕಾರಣ ಈ ಲಕ್ಷಣವನ್ನು ಯಂತ್ರದಲ್ಲಿ ಮಾತ್ರ ಹುಡುಕದೆ ಇತಿಹಾಸದಲ್ಲಿಯೂ ಹುಡುಕಬೇಕಾಗುತ್ತದೆ. ವ್ಯಾಕರಣದಲ್ಲಿ ಲಕ್ಷ್ಯವು ಮೊದಲು, ಲಕ್ಷಣವು ಆಮೇಲೆ. ಜನರ ಪ್ರಯೋಗವನ್ನು ಕಂಡು ವೈಯಾಕರಣನು ಸೂತ್ರ ಬರೆಯುತ್ತಾನೆ. ಇಲ್ಲಿ ಬಹುಮಟ್ಟಿಗೆ ಈ ಕ್ರಮ ತಲೆಕೆಳಗಾಗಿದೆ. ಸ್ಪರ್ಧೆಯ ನಿಯಮ, ತೆರಿಗೆಯ ಸೂತ್ರ, ಕಂಪೆನಿಯ ಕಟ್ಟಳೆ, ಇವು ಮೊದಲು ಹುಟ್ಟಿದವು. ಅವುಗಳಿಗೆ ಹೊಂದುವಂತೆ, ಇಲ್ಲವೆ ಅವುಗಳ ಕಣ್ಣು ತಪ್ಪಿಸುವಂತೆ ಕಾರುಗಳು ಹುಟ್ಟಿದವು. ಈ ಮಾತನ್ನು ಕೆಲವು ನಿದರ್ಶನಗಳಿಂದ ಸ್ಪಷ್ಟಪಡಿಸಿ, ಅಳತೆಗೂ ಯೋಗ್ಯತೆಗೂ ನಡುವಣ ಅಂತರವನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೋಟಾರು ವಾಹನಗಳ ಮೊಟ್ಟಮೊದಲ ದೊಡ್ಡ ಸ್ಪರ್ಧೆ ನಡೆದುದು ೧೮೯೪ನೆಯ ಜುಲೈ ೨೨ರಂದು, ಪ್ಯಾರಿಸಿನಿಂದ ರೂಆನ್ ನಗರದವರೆಗೆ. ಇದನ್ನು ಏರ್ಪಡಿಸಿದುದು ‘ಲ ಪೆತಿ ಜೂರ್ನಾಲ್’ ಎಂಬ ಪತ್ರಿಕೆ. ವಾಹನವು ಅಪಾಯವಿಲ್ಲದ್ದಾಗಿರಬೇಕು, ನಡೆಸಲು ಸುಲಭವಾಗಿರಬೇಕು, ಹೆಚ್ಚು ಖರ್ಚಿಲ್ಲದ್ದಾಗಿರಬೇಕು ಎಂಬುದು ಪತ್ರಿಕೆಯ ಅಪೇಕ್ಷೆ. ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದುದು ಕೌಂಟ್ ದ ದಿಯೋನನ ಉಗಿಯಂತ್ರ. ಆದರೆ ಅದರಲ್ಲಿ ಉರಿ ಹಾಕಲು ಬೇರೊಬ್ಬ ಆಳು ಬೇಕಾಗಿತ್ತು; ಆದ್ದರಿಂದ ಮೊದಲ ಬಹುಮಾನ ಅವನಿಗೆ ಸಿಗದೆ ಪೆಜೊ ಮತ್ತು ಪನಾರ್-ಲೆವಾಸೋರ್ ಸಂಸ್ಥೆಗಳಿಗೆ ಹಂಚಿಹೋಯಿತು. ಮರುವರ್ಷದ ಪ್ಯಾರಿಸ್-ಬೋರ್ದೊ-ಪ್ಯಾರಿಸ್ ಸ್ಪರ್ಧೆಯಲ್ಲಿ ಎಮಿಲ್ ಲೆವಾಸೋರನು ೧,೧೭೮ ಕಿಲೋಮೀಟರುಗಳ ದಾರಿಯನ್ನು ೪೮ ಗಂಟೆ ೪೮ ನಿಮಿಷಗಳಲ್ಲಿ ಕ್ರಮಿಸಿ ಉಳಿದವರನ್ನು ಬಹು ಹಿಂದೆ ಹಾಕಿದನು. ಅವನ ಕಾರಿನಲ್ಲಿ ಇದ್ದುದು ಎರಡೇ ಆಸನ. ನಿಯಮ ಕೇಳಿದ್ದುದು ನಾಲ್ಕು. ಸುಮಾರು ೧೧ ಗಂಟೆ ತಡವಾಗಿ ಬಂದ ನಾಲ್ಕು ಆಸನದ ಪೆಜೊ ಕಾರು ಪ್ರಥಮ ಬಹುಮಾನ ಪಡೆಯಿತು. ಇತಿಹಾಸವು ಲೆವಾಸೋರನನ್ನು ನೆನೆಯುತ್ತದೆ. ಅಂದಿನ ನಿಯಮ ಮಾತ್ರ ಅವನನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಸಾಧನೆ ಒಂದು, ಗಣನೆ ಇನ್ನೊಂದು ಎಂಬ ಸಂಗತಿ ಹೀಗೆ ಆರಂಭದಲ್ಲಿಯೇ ಕಾಣಿಸಿಕೊಂಡಿತು.

ಈ ವರ್ಗದ ಕಾರಿಗೆ ಇಂದು ನಾವು ಗುರುತಿಸುವ ಆಕಾರ ಬಂದುದು ಒಂದು ಸಾವಿನ ತರುವಾಯ. ೧೯೦೦ನೆಯ ಮಾರ್ಚ್ ತಿಂಗಳಲ್ಲಿ ನೀಸ್ ನಗರದ ಸಮೀಪದ ಲಾ ತುರ್ಬಿ ಗುಡ್ಡದ ಏರುಸ್ಪರ್ಧೆಯಲ್ಲಿ ಡೈಮ್ಲರ್ ಕಾರು ನಡೆಸುತ್ತಿದ್ದ ವಿಲ್ಹೆಲ್ಮ್ ಬೌವರ್ ಎಂಬವನು ಅಪಘಾತಕ್ಕೀಡಾಗಿ ಮಡಿದನು. ಆ ಕಾರಿನಲ್ಲಿ ಶಕ್ತಿಗೆ ಕೊರತೆ ಇರಲಿಲ್ಲ; ಆದರೆ ಅದು ಎತ್ತರವಾಗಿ, ಗಿಡ್ಡವಾಗಿ, ಮುಂಭಾರವಾಗಿತ್ತು. ಕಾರುಗಳ ವರ್ತಕನಾಗಿದ್ದ ಎಮಿಲ್ ಯೆಲಿನೆಕ್ ಇದಾದ ಮೇಲೆ ಹೊಸ ಬಗೆಯ ವಾಹನವೊಂದನ್ನು ಕೇಳಿದನು. ವಿಲ್ಹೆಲ್ಮ್ ಮೈಬಾಕ್ ಅದನ್ನು ರಚಿಸಿದನು. ಚಕ್ರಗಳ ನಡುವಣ ಅಂತರ ಹಿಗ್ಗಿತು, ಭಾರಕೇಂದ್ರ ಕೆಳಗಿಳಿಯಿತು, ಚೌಕಟ್ಟು ಒತ್ತಿದ ಉಕ್ಕಿನದಾಯಿತು, ಎಂಜಿನನ್ನು ತಣಿಸಲು ಜೇನುಗೂಡಿನಂಥ ರೇಡಿಯೇಟರು ಬಂದಿತು. ಯೆಲಿನೆಕನ ಮಗಳ ಹೆಸರನ್ನು ಹೊತ್ತ ಈ ೩೫ ಅಶ್ವಶಕ್ತಿಯ ಮರ್ಸಿಡೀಸ್ ೧೯೦೧ರ ಮಾರ್ಚಿಯಲ್ಲಿ ನೀಸ್‌ನ ಸ್ಪರ್ಧೆಗಳಲ್ಲಿ ಎದುರಿಲ್ಲದೆ ಗೆದ್ದಿತು. ಇದರಲ್ಲಿ ಗಮನಿಸಬೇಕಾದುದು ಅಶ್ವಶಕ್ತಿಯ ಅಂಕೆಯನ್ನಲ್ಲ. ಶಕ್ತಿಯನ್ನು ಹಿಡಿತದಲ್ಲಿಡಲು ಬೇಕಾದ ಅಂಗಗಳು ಶಕ್ತಿಯಷ್ಟೇ ಮುಖ್ಯವೆಂದು ಈ ಕಾರು ತೋರಿಸಿಕೊಟ್ಟಿತು.

ಅಶ್ವಶಕ್ತಿಯ ಅಂಕೆಯಾದರೂ ನಂಬತಕ್ಕದ್ದೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಇತಿಹಾಸ ಉತ್ತರ ಕೊಡುತ್ತದೆ. ಅಲ್ಲಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಸೂತ್ರದಲ್ಲಿ ಸಿಲಿಂಡರಿನ ವ್ಯಾಸವನ್ನು ಅಂಗುಲಗಳಲ್ಲಿ ಅಳೆದು, ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತಿತ್ತು. ಪಿಸ್ಟನ್ನು ಎಷ್ಟು ದೂರ ಚಲಿಸುತ್ತದೆಂಬುದಕ್ಕೆ ಸೂತ್ರದಲ್ಲಿ ಸ್ಥಾನವೇ ಇರಲಿಲ್ಲ. ೧೯೨೧ರಿಂದ ಪ್ರತಿ ಅಶ್ವಶಕ್ತಿಗೆ ಒಂದು ಪೌಂಡಿನಂತೆ ತೆರಿಗೆ ಬಿದ್ದಾಗ ವ್ಯಾಸವನ್ನು ಕಿರಿದು ಮಾಡಿ, ಪಿಸ್ಟನ್ನಿನ ಚಲನೆಯನ್ನು ಉದ್ದ ಮಾಡಿದ ಎಂಜಿನು ಲಾಭಕರವಾಯಿತು. ಅದೇ ಕಾಲದ ಮೂರು ಲೀಟರಿನ ಬೆಂಟ್ಲಿಯನ್ನು ನೋಡಬಹುದು. ನಾಲ್ಕು ಸಿಲಿಂಡರು, ವ್ಯಾಸ ೮೦ ಮಿಲಿಮೀಟರು, ಚಲನೆ ೧೪೯ ಮಿಲಿಮೀಟರು. ಸೂತ್ರದ ಲೆಕ್ಕಕ್ಕೆ ಅದು ೧೬ ಅಶ್ವಶಕ್ತಿಗೂ ತುಸು ಕಡಿಮೆ. ನಿಜವಾಗಿ ಅದು ಕೊಡುತ್ತಿದ್ದುದು ಅದರ ನಾಲ್ಕರಷ್ಟಕ್ಕೂ ಮೇಲೆ. ಕಾಗದದ ಮೇಲೆ ಸಾಧಾರಣವಾದ ಈ ಕಾರು ೧೯೨೪ರಲ್ಲಿಯೂ ೧೯೨೭ರಲ್ಲಿಯೂ ಲ ಮಾನ್ಸ್ ಪಟ್ಟಣದ ೨೪ ಗಂಟೆಗಳ ಸ್ಪರ್ಧೆಯನ್ನು ಗೆದ್ದಿತು. ಕೊಳಗ ಸರಿಯಿಲ್ಲದಿದ್ದರೆ ಭತ್ತದ ರಾಶಿಯನ್ನು ದೂರಿ ಫಲವಿಲ್ಲ.

ಒಂದೇ ಹೆಸರಿನ ಎರಡು ಕಾರುಗಳು ಈ ವಿಚಾರವನ್ನು ಇನ್ನಷ್ಟು ವಿಶದಪಡಿಸುತ್ತವೆ. ಎಫ್.ಐ.ಎ. ಎಂಬ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವು ೧೯೬೨ರ ತಯಾರಕರ ಪ್ರಶಸ್ತಿಯನ್ನು ‘ಗ್ರ್ಯಾಂಡ್ ಟೂರಿಂಗ್’ ಕಾರುಗಳಿಗೆ ಮೀಸಲಿಟ್ಟಿತು. ಅವು ಕೇವಲ ಸ್ಪರ್ಧೆಗೆಂದು ಮಾಡಿದವಾಗಿರಕೂಡದು. ೧೨ ತಿಂಗಳಲ್ಲಿ ೧೦೦ ಕಾರುಗಳಾದರೂ ತಯಾರಾಗಿರಬೇಕು ಎಂಬುದು ನಿಯಮ. ಇಟಲಿಯ ಫೆರಾರಿ ಸಂಸ್ಥೆ ಹೊಸದಾಗಿ ರಚಿಸಿದ ‘೨೫೦ ಜಿ.ಟಿ.ಒ.’ ಕಾರನ್ನು ತನ್ನ ಹಳೆಯ ೨೫೦ ಜಿ.ಟಿ. ಕಾರಿನ ಪರಿಷ್ಕೃತ ರೂಪವೆಂದು ತೋರಿಸಿ ಒಪ್ಪಿಗೆ ಪಡೆಯಿತು. ಜಿ.ಟಿ.ಒ. ಎಂಬುದರ ಕೊನೆಯ ಅಕ್ಷರದ ಅರ್ಥವೇ ‘ಅಂಗೀಕೃತ’ ಎಂದು. ಮೂರು ಲೀಟರ್ ಎಂಜಿನಿನ ಈ ಕಾರುಗಳು ಒಟ್ಟು ತಯಾರಾದುದು ೩೬ ಮಾತ್ರ. ಎಣಿಕೆಯಲ್ಲಿ ನೂರಕ್ಕೆ ಬಹಳ ಕಡಿಮೆಯಾದ ಈ ಕಾರು ಓಟದಲ್ಲಿ ಯಾರಿಗೂ ಕಡಿಮೆಯಾಗಿರಲಿಲ್ಲ. ೧೯೬೨ರಿಂದ ೧೯೬೪ರ ವರೆಗೆ ಮೂರು ವರ್ಷವೂ ತನ್ನ ವರ್ಗದ ಪ್ರಶಸ್ತಿಯನ್ನು ಪಡೆಯಿತು.

ಅಮೆರಿಕದಲ್ಲಿ ಇದರ ಪ್ರತಿಬಿಂಬ ಬೇರೆ ಬಗೆಯಾಗಿ ಮೂಡಿತು. ಜನರಲ್ ಮೋಟಾರ್ಸ್ ಸಂಸ್ಥೆ ೧೯೬೩ರಲ್ಲಿ ತನ್ನ ಶಾಖೆಗಳು ಸ್ಪರ್ಧೆಗೆ ಇಳಿಯುವುದನ್ನು ನಿಷೇಧಿಸಿತು. ಮಧ್ಯಮ ಗಾತ್ರದ ಕಾರಿನಲ್ಲಿ ೩೩೦ ಘನ ಅಂಗುಲಕ್ಕಿಂತ ದೊಡ್ಡ ಎಂಜಿನು ಇರಕೂಡದೆಂಬ ಕಟ್ಟಳೆಯೂ ಅಲ್ಲಿತ್ತು. ಆದರೆ ಗಿರಾಕಿ ಹೆಚ್ಚು ಹಣ ತೆತ್ತು ಕೇಳುವ ಐಚ್ಛಿಕ ಸಲಕರಣೆಗಳನ್ನು ಆ ಕಟ್ಟಳೆ ಹೆಸರಿಸಿರಲಿಲ್ಲ. ಪಾಂಟಿಯಾಕ್ ಶಾಖೆಯಲ್ಲಿದ್ದ ಜಾನ್ ಡಿಲೋರಿಯನ್ ಮತ್ತು ಅವನ ಸಹೋದ್ಯೋಗಿಗಳು ದೊಡ್ಡ ಕಾರಿನ ೩೮೯ ಘನ ಅಂಗುಲದ ಎಂಜಿನನ್ನು ‘ಐಚ್ಛಿಕ ಸಲಕರಣೆ’ಯಾಗಿ ಟೆಂಪೆಸ್ಟ್ ಕಾರಿನಲ್ಲಿ ಇರಿಸಿ, ಫೆರಾರಿಯ ಹೆಸರನ್ನೇ ಎರವಲು ಪಡೆದು ಜಿ.ಟಿ.ಒ. ಎಂದು ಕರೆದರು. ಯಾವ ಒಕ್ಕೂಟವೂ ಅದನ್ನು ಅಂಗೀಕರಿಸಿರಲಿಲ್ಲ. ಅಂಗೀಕರಿಸಿದವರು ಕೊಂಡ ಜನ. ೧೯೬೪ರ ಮಾದರಿಯಲ್ಲಿಯೇ ೩೨,೪೫೦ ಕಾರುಗಳು ಮಾರಾಟವಾದವು. ಆ ವರ್ಷ ಒಂದು ಮೋಟಾರು ಪತ್ರಿಕೆ ಎರಡು ಜಿ.ಟಿ.ಒ.ಗಳನ್ನು ಹೋಲಿಸಿ ಲೇಖನ ಪ್ರಕಟಿಸಿತು. ಫೆರಾರಿ ಕಾರು ಆ ಪರೀಕ್ಷೆಗೆ ಬಂದಿರಲೇ ಇಲ್ಲ. ಪರೀಕ್ಷೆಗೆ ಕೊಟ್ಟ ಪಾಂಟಿಯಾಕಿನಲ್ಲಿ ೪೨೧ ಘನ ಅಂಗುಲದ ಬೇರೆ ಎಂಜಿನು ಇದ್ದಿತೆಂದು ಅದರ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ದಶಕಗಳ ಅನಂತರ ಒಪ್ಪಿಕೊಂಡನು. ಅಮೆರಿಕದ ಅಶ್ವಶಕ್ತಿಯ ಅಂಕೆಗಳ ವಿಷಯವೂ ಹೀಗೆಯೇ. ಹಿಂದೆ ಅವನ್ನು ಸೈಲೆನ್ಸರು ಮೊದಲಾದ ಹೊರೆಗಳಿಲ್ಲದ ಬರಿಯ ಎಂಜಿನಿನ ಮೇಲೆ ಅಳೆಯುತ್ತಿದ್ದರು; ೧೯೭೨ರ ಮಾದರಿಗಳಿಂದ ಹೊರೆಸಹಿತ ಅಳೆಯತೊಡಗಿದಾಗ ಎಂಜಿನು ಬದಲಾಗದಿದ್ದರೂ ಅಂಕೆ ಕುಸಿಯಿತು.

ಇಷ್ಟರಿಂದ ನಿಯಮವನ್ನು ವಂಚಿಸುವುದು ಒಂದು ವಿನೋದವೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಪೋರ್ಷೆ ೯೧೭ ಸಾಕ್ಷಿ. ೨೫ ಕಾರುಗಳನ್ನು ತಯಾರಿಸಿದವರಿಗೆ ಐದು ಲೀಟರಿನವರೆಗಿನ ಎಂಜಿನಿಗೆ ಅನುಮತಿಯೆಂದು ಎಫ್.ಐ.ಎ. ಸಾರಿದಾಗ, ಆ ಜರ್ಮನ್ ಸಂಸ್ಥೆ ೧೨ ಸಿಲಿಂಡರುಗಳ ೪.೫ ಲೀಟರ್ ಕಾರನ್ನು ಅವಸರದಿಂದ ಸಿದ್ಧಪಡಿಸಿತು. ಮೊದಲು ಬಂದ ಪರೀಕ್ಷಕರು ಜೋಡಣೆಯಾಗದ ಭಾಗಗಳನ್ನು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ೧೯೬೯ರ ಏಪ್ರಿಲಿನಲ್ಲಿ ೨೫ ಕಾರುಗಳು ಕಾರ್ಖಾನೆಯ ಮುಂದೆ ಸಾಲಾಗಿ ನಿಂತವು, ಎಣಿಕೆ ಪೂರ್ಣವಾಯಿತು. ಆದರೆ ಅತಿವೇಗದಲ್ಲಿ ಈ ಕಾರು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅನುಭವಿಗಳಾದ ಚಾಲಕರೇ ಅದಕ್ಕೆ ಅಂಜಿದರು. ಅದೇ ಜೂನ್ ತಿಂಗಳ ಲ ಮಾನ್ಸ್ ಸ್ಪರ್ಧೆಯಲ್ಲಿ, ಸ್ವಂತಕ್ಕೆ ೯೧೭ನ್ನು ಕೊಂಡು ತಂದಿದ್ದ ಜಾನ್ ವುಲ್ಫ್ ಮೊದಲ ಸುತ್ತಿನಲ್ಲಿಯೇ ಅಪಘಾತದಲ್ಲಿ ತೀರಿಕೊಂಡನು. ಅಕ್ಟೋಬರಿನಲ್ಲಿ ಆಸ್ಟ್ರಿಯದ ಓಟದ ಹಾದಿಯಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಒಂದು ಸಣ್ಣ ಸಂಗತಿಯನ್ನು ಗಮನಿಸಿದನು. ಕಾರಿನ ಮುಂಭಾಗದ ಮೇಲೆಲ್ಲ ಸತ್ತ ನುಸಿಗಳು ಅಂಟಿಕೊಂಡಿದ್ದವು. ಬಾಲದ ಮೇಲೆ ಒಂದೂ ಇರಲಿಲ್ಲ. ಗಾಳಿಯ ಹರಿವು ಬಾಲವನ್ನು ಮುಟ್ಟುತ್ತಲೇ ಇಲ್ಲವೆಂದು ಅವನು ಊಹಿಸಿ, ತಗಡಿನಿಂದ ಅದನ್ನು ಎತ್ತರಿಸಿದನು. ಕಾರು ನೆಲವನ್ನು ಹಿಡಿಯಿತು. ೧೯೭೦ರಲ್ಲಿ ಇದೇ ೯೧೭ ಪೋರ್ಷೆಗೆ ಲ ಮಾನ್ಸ್‌ನ ಪ್ರಥಮ ಸಮಗ್ರ ವಿಜಯವನ್ನು ತಂದಿತು. ಏಪ್ರಿಲಿನಲ್ಲಿ ಎಣಿಸಲ್ಪಟ್ಟ ಕಾರು ಯೋಗ್ಯವಾದುದು ಅಕ್ಟೋಬರಿನಲ್ಲಿ. ಆ ಎರಡರ ನಡುವೆ ಒಂದು ಪ್ರಾಣ ಹೋಗಿತ್ತು.

ಮೇಲಿನ ನಿದರ್ಶನಗಳಿಂದ ಒಂದು ಲಕ್ಷಣವನ್ನು ಹೀಗೆ ನಿರೂಪಿಸಬಹುದು. ತನ್ನ ಕಾಲದ ದೈನಂದಿನ ಅಗತ್ಯವನ್ನು ಬಹಳವಾಗಿ ಮೀರಿದ ಶಕ್ತಿ. ಆ ಶಕ್ತಿಗೆ ಸಮನಾದ ಹಿಡಿತ. ಇವೆರಡಕ್ಕೂ ತಾನೇ ರಚಿಸದ ನಿಯಮದಡಿಯಲ್ಲಿ ಬಹಿರಂಗ ಪರೀಕ್ಷೆ. ಈ ಮೂರೂ ಕೂಡಿದಾಗ ಕಾರು ಆ ಹೆಸರಿಗೆ ಅರ್ಹ. ‘ತನ್ನ ಕಾಲದ’ ಎಂದುದರಿಂದ ಲೆವಾಸೋರನ ಕಾರು ಒಳಗೆ ಬಂದು ಅವ್ಯಾಪ್ತಿ ತಪ್ಪುತ್ತದೆ. ‘ಹಿಡಿತ’ ಎಂದುದರಿಂದ ೧೯೬೯ರ ಬೇಸಗೆಯ ೯೧೭ ಹೊರಗುಳಿದು ಅತಿವ್ಯಾಪ್ತಿ ತಪ್ಪುತ್ತದೆ. ಈ ವಿಚಾರ ಹಳೆಯ ಕಾರುಗಳಿಗಷ್ಟೇ ಸೀಮಿತವಲ್ಲ. ಗಂಟೆಗೆ ನೂರು ಕಿಲೋಮೀಟರಿನ ಗಡಿಯನ್ನು ೧೮೯೯ರಲ್ಲಿ ಮೊದಲು ದಾಟಿದ ಕಮೀಲ್ ಜೆನಾಟ್ಸಿಯ ವಾಹನ ವಿದ್ಯುತ್ತಿನದು. ಇಂದು ಮತ್ತೆ ವಿದ್ಯುತ್ ಕಾರುಗಳು ಬಂದು, ಹಿಂದೆ ಅಪೂರ್ವವಾಗಿದ್ದ ನೆಗೆತವನ್ನು ಮನೆಬಳಕೆಯ ವಾಹನಕ್ಕೂ ಕೊಟ್ಟಿವೆ. ಇಷ್ಟು ಸೆಕೆಂಡಿನಲ್ಲಿ ಇಷ್ಟು ವೇಗವೆಂಬ ಅಳತೆಗೋಲು ಈಗ ಅತಿವ್ಯಾಪ್ತಿಗೆ ಗುರಿಯಾಗಿದೆ. ಇನ್ನೊಂದು ಅಳತೆಗೋಲು ಬಂದೇ ಬರುತ್ತದೆ. ಅದು ಬಂದಾಗ ಅಂಕೆಯನ್ನು ಓದುವ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು ಎರಡು: ಅಳೆದವರು ಯಾರು, ಅಳೆಯದೆ ಬಿಟ್ಟುದು ಏನು. ಬೌವರನ ಸಾವಿಗೂ ವುಲ್ಫನ ಸಾವಿಗೂ ನಡುವೆ ಸುಮಾರು ಎಪ್ಪತ್ತು ವರ್ಷಗಳ ಅಂತರವಿದ್ದರೂ, ಎರಡೂ ಸಲ ಎಣಿಕೆಗೆ ಸಿಕ್ಕದೆ ಉಳಿದ ಗುಣ ಒಂದೇ ಆಗಿತ್ತು.