ಮೊದಲ ದಿನದ ಎದುರಾಳಿ: ಗಡಿನಾಡಿನಿಂದ ಕಂಡ ಫುಟ್‌ಬಾಲ್ ಪೈಪೋಟಿಯ ಚರಿತ್ರೆ

ಕಲ್ಯಾಣ ಕರ್ನಾಟಕದ ಜಾತ್ರೆಗಳಲ್ಲಿ ನಡೆಯುವ ಕುಸ್ತಿಗೆ ಎಲ್ಲಿಯೂ ಬರೆದಿಡದ, ಆದರೆ ಎಲ್ಲರೂ ಬಲ್ಲ ಒಂದು ಕ್ರಮವಿದೆ. ತೆಂಗಿನಕಾಯಿಯನ್ನು ಬಹುಮಾನವಾಗಿಟ್ಟು ಚಿಕ್ಕ ಹುಡುಗರನ್ನು ಕಣಕ್ಕಿಳಿಸುವುದರಿಂದ ಆರಂಭವಾಗುವ ಸ್ಪರ್ಧೆಯು ಹೊತ್ತು ಇಳಿದಂತೆ ಬಲಿತ ಪೈಲ್ವಾನರ ಜೋಡಿಗಳ ಕಡೆಗೆ ಸಾಗಿ, ಬೆಳ್ಳಿ ಕಡಗಕ್ಕಾಗಿ ನಡೆಯುವ ನಿಕಾಲಿ ಕುಸ್ತಿಯಲ್ಲಿ, ಅಂದರೆ ಸಮಬಲವೆಂಬ ತೀರ್ಮಾನಕ್ಕೆ ಎಡೆಗೊಡದೆ ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೂ ಮುಂದುವರಿಯುವ ಹಣಾಹಣಿಯಲ್ಲಿ ಕೊನೆಗೊಳ್ಳುತ್ತದೆ. ಕಮಲನಗರ, ಔರಾದ್, ಭಾಲ್ಕಿಗಳ ಪ್ರೇಕ್ಷಕನಿಗೆ ಇದರಿಂದ ದೊರೆತಿರುವ ತಿಳಿವಳಿಕೆಯೆಂದರೆ, ಬದ್ಧ ಎದುರಾಳಿಗಳು ಎದುರುಬದುರಾಗಬೇಕಾದದ್ದು ಕೊನೆಯಲ್ಲಿ ಎಂಬುದು. ಫುಟ್‌ಬಾಲ್ ಲೀಗ್ ಈ ಕ್ರಮವನ್ನು ಪಾಲಿಸುವುದಿಲ್ಲ. ವರ್ಷದ ಅತ್ಯಂತ ಕಾವೇರಿದ ಪಂದ್ಯ ಅಲ್ಲಿ ಮೊದಲ ದಿನವೇ ಬರಬಹುದು. ಹಾಗೆ ಬಂದಾಗಲೆಲ್ಲ ಅಭಿಮಾನಿಗಳು ಎರಡು ಪಂಗಡವಾಗಿ, ಆ ಪಂದ್ಯಕ್ಕೆ ಎಷ್ಟು ಮಹತ್ವ ಕೊಡಬೇಕೆಂದು ವಾದಿಸುತ್ತಾರೆ. ಮೂರು ಅಂಕಗಳು ಯಾವ ತಂಡದಿಂದ ಬಂದರೂ ಮೂರೇ ಅಂಕಗಳೆಂಬುದು ಒಂದು ಪಕ್ಷವಾದರೆ, ಎದುರಾಳಿಯೆದುರು ಸೋತು ಆರಂಭಿಸಿದ ವರ್ಷದ ಗಾಯ ಅಂಕಪಟ್ಟಿಯಿಂದ ವಾಸಿಯಾಗದೆಂಬುದು ಮತ್ತೊಂದು. ಈ ವಾದವನ್ನು ಬಿಡುವಿನ ಹರಟೆಯೆಂದು ತಳ್ಳಿಹಾಕುವುದು ಸರಿಯಲ್ಲ. ಎದುರಾಳಿಯನ್ನು ಯಾರು ಗೊತ್ತುಮಾಡುತ್ತಾರೆ, ಆ ಹಗೆತನದ ನೆನಪು ಹೇಗೆ ಕೈಯಿಂದ ಕೈಗೆ ದಾಟುತ್ತದೆ ಎಂಬ ಚರಿತ್ರೆಯ ಪ್ರಶ್ನೆಯೇ ಅದರ ಒಳಗಿದೆ.

ಭಾರತದ ಫುಟ್‌ಬಾಲ್ ಬಹುಕಾಲ ಕುಸ್ತಿಯ ಕ್ರಮವನ್ನೇ ಹೋಲುತ್ತಿತ್ತು. 1888ರಲ್ಲಿ ಶಿಮ್ಲಾದಲ್ಲಿ ಆರಂಭವಾದ ಡ್ಯುರಾಂಡ್ ಕಪ್, 1891ರ ಮುಂಬೈಯ ರೋವರ್ಸ್ ಕಪ್, 1893ರ ಕೊಲ್ಕತ್ತದ ಐ.ಎಫ್.ಎ. ಶೀಲ್ಡ್ ಇವೆಲ್ಲ ಮೂಲತಃ ನಾಕೌಟ್ ಸ್ಪರ್ಧೆಗಳು. ಸೋತ ತಂಡ ಅಲ್ಲಿಯೇ ಹೊರಬೀಳುವ, ಗೆದ್ದದ್ದು ಮುಂದಿನ ಸುತ್ತಿಗೆ ಹೋಗುವ ಈ ಪದ್ಧತಿಯಲ್ಲಿ ಪ್ರತಿಯೊಂದು ಪಂದ್ಯವೂ ಆ ತಂಡದ ಕೊನೆಯ ಪಂದ್ಯವಾಗಬಹುದಾದ್ದರಿಂದ, ಮೊದಲನೆಯದಕ್ಕೆ ಪ್ರತ್ಯೇಕ ಅರ್ಥವಿರಲಿಲ್ಲ. ಆ ಅರ್ಥ ಹುಟ್ಟಿದ್ದು ಲೀಗ್ ಪದ್ಧತಿಯಿಂದ, ಅಂದರೆ ಎಲ್ಲ ತಂಡಗಳೂ ಪರಸ್ಪರ ಆಡಿ, ಗೆಲುವು ಮತ್ತು ಸಮಬಲಗಳಿಗೆ ಅಂಕ ಪಡೆದು, ಋತುವಿನ ಕೊನೆಗೆ ಒಟ್ಟು ಅಂಕದಿಂದ ಸ್ಥಾನ ನಿರ್ಧಾರವಾಗುವ ವ್ಯವಸ್ಥೆಯಿಂದ. 1898ರಲ್ಲಿ ಕೊಲ್ಕತ್ತದಲ್ಲಿ ಲೀಗ್ ಶುರುವಾದಾಗ ಆಟಕ್ಕೆ ಒಂದು ಪಂಚಾಂಗ ಬಂತು. ಪಂಚಾಂಗ ಬಂದ ಮೇಲೆ ಆರಂಭದ ದಿನವೆಂಬುದೂ ಬಂತು. ಅದೇ ನಗರದಲ್ಲಿ 1889ರಲ್ಲಿ ಸ್ಥಾಪಿತವಾದ ಮೋಹನ್ ಬಾಗಾನ್ ಮತ್ತು 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ತಂಡಗಳು 1925ರ ಮೇ 28ರಂದು ಲೀಗ್‌ನಲ್ಲಿ ಮೊದಲ ಬಾರಿಗೆ ಎದುರಾಗಿ, ಈಸ್ಟ್ ಬೆಂಗಾಲ್ ಒಂದೇ ಗೋಲಿನಿಂದ ಗೆದ್ದಲ್ಲಿಂದ ಈ ದೇಶದ ದೊಡ್ಡ ಡರ್ಬಿ, ಅಂದರೆ ಒಂದೇ ಊರಿನ ಅಥವಾ ನೆರೆಹೊರೆಯ ತಂಡಗಳ ಸಾಂಪ್ರದಾಯಿಕ ಪೈಪೋಟಿ, ಲೀಗ್‌ನ ಅಂಕಪಟ್ಟಿಗಿಂತ ದೊಡ್ಡದಾಗಿ ಬೆಳೆಯಿತು. ಪೂರ್ವ ಬಂಗಾಳದಿಂದ ಬಂದವರು ಮತ್ತು ಪಶ್ಚಿಮ ಬಂಗಾಳದ ಮೂಲನಿವಾಸಿಗಳು ಎಂಬ ಭೇದ ಅದಕ್ಕೆ ಇಂಧನವಾಯಿತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇವೇ ತಂಡಗಳ ಲೀಗ್ ಪಂದ್ಯದ ಹೊತ್ತಿಗೆ ನಡೆದ ಗಲಭೆಯಲ್ಲಿ 16 ಮಂದಿ ಪ್ರೇಕ್ಷಕರು ಪ್ರಾಣ ಕಳೆದುಕೊಂಡರು. ಮೂರು ಅಂಕಗಳು ಮೂರೇ ಎನ್ನುವವರೂ, ಅಲ್ಲ ಎನ್ನುವವರೂ ಈ ಸಂಖ್ಯೆಯನ್ನು ನೆನಪಿನಲ್ಲಿಡಬೇಕು.

ದಖ್ಖನ್ನಿನ ಕಥೆ ಬೇರೆ. ಇಲ್ಲಿ ಪೈಪೋಟಿ ಒಂದೇ ಊರಿನ ಎರಡು ಕೇರಿಗಳ ನಡುವೆ ಅಲ್ಲ, ಎರಡು ರಾಜ್ಯಗಳ ನಡುವೆ ಬೆಳೆಯಿತು. ಬೀದರ್ ಜಿಲ್ಲೆಯ ಮಟ್ಟಿಗೆ ಅದರ ವಿಶೇಷವೆಂದರೆ, ಆಟ ನಡೆಯುತ್ತಿರುವಾಗಲೇ ಗಡಿಗೆರೆ ಸರಿದು ಜಿಲ್ಲೆ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಸೇರಿತು. ಮೈಸೂರು ಸಂಸ್ಥಾನದ ದಂಡುಪ್ರದೇಶವಾಗಿದ್ದ ಬೆಂಗಳೂರಿನಲ್ಲಿ ಬ್ರಿಟಿಷ್ ಸೈನಿಕರ ಆಟವನ್ನು ಕಂಡು ಕಲಿತ ಸ್ಥಳೀಯರು ಬಹುಬೇಗ ಅವರನ್ನೇ ಮೀರಿಸಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಕೊಲ್ಕತ್ತದ ಮೊಹಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ರೋವರ್ಸ್ ಕಪ್ ಪಡೆದು, ಅದುವರೆಗೆ ಸೈನಿಕ ಪಡೆಗಳ ಸೊತ್ತಿನಂತಿದ್ದ ಆ ಬಹುಮಾನವನ್ನು ಭಾರತೀಯ ನಾಗರಿಕರ ಕೈಗೆ ತಂದಿತು. ಮರುವರ್ಷ 1938ರಲ್ಲಿ, ಆಮೇಲೆ 1948ರಲ್ಲಿಯೂ ಅದೇ ತಂಡ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತ ಪಂದ್ಯದಲ್ಲಿ ಭಾರತದ ಪರವಾಗಿ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ರಾಜ್ಯ ತಂಡಗಳ ರಾಷ್ಟ್ರೀಯ ಸ್ಪರ್ಧೆಯಾಗಿ 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯನ್ನು ಮೈಸೂರು 1946–47 ಮತ್ತು 1952–53ರಲ್ಲಿ, ಎರಡು ಸಲವೂ ಬೆಂಗಳೂರಿನ ನೆಲದಲ್ಲಿ ಬಂಗಾಳವನ್ನು ಸೋಲಿಸಿ, ತನ್ನದಾಗಿಸಿಕೊಂಡಿತು.

ಬೀದರ್, ಭಾಲ್ಕಿ, ಔರಾದ್‌ಗಳು ಆ ಕಾಲದಲ್ಲಿ ಈ ವಿಜಯಗಳ ಪಾಲುದಾರರಾಗಿರಲಿಲ್ಲ. ಅವು ನಿಜಾಮರ ಸಂಸ್ಥಾನಕ್ಕೆ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯದ ಫುಟ್‌ಬಾಲ್ ಹೆಮ್ಮೆಯೆಂದರೆ ಹೈದರಾಬಾದ್ ಸಿಟಿ ಪೊಲೀಸ್ ತಂಡ. ಈ ತಂಡದ ಏಳಿಗೆ ಶುರುವಾದದ್ದು ಬೆಂಗಳೂರಿನಲ್ಲೇ ಎಂಬುದು ಗಮನಾರ್ಹ: 1943ರಲ್ಲಿ ಅಲ್ಲಿ ನಡೆದ ಆ್ಯಶ್ ಗೋಲ್ಡ್ ಕಪ್ ಫೈನಲ್‌ನಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ತಂಡವನ್ನು ಸೋಲಿಸುವ ಮೂಲಕ ಅದು ಹೊರನಾಡಿನಲ್ಲಿ ಹೆಸರು ಮಾಡಿತು. ಶಾಲಾ ಶಿಕ್ಷಕರಾಗಿದ್ದು ತರಬೇತುದಾರರಾದ ಸೈಯದ್ ಅಬ್ದುಲ್ ರಹೀಮ್ ಅವರ ಮಾರ್ಗದರ್ಶನದಲ್ಲಿ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಈ ತಂಡದ ಪಾಲಾಯಿತು. ರಹೀಮ್ ಅವರೇ ಭಾರತ ತಂಡವನ್ನು 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನಕ್ಕೂ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೂ ಒಯ್ದರು. ಬೀದರಿನ ಕನ್ನಡಿಗನೊಬ್ಬ ಅಂದು ತನ್ನ ರಾಜ್ಯದ ತಂಡವೆಂದು ಹೇಳಿಕೊಳ್ಳಬಹುದಾಗಿದ್ದದ್ದು ಇದನ್ನು. ಮೈಸೂರು ಆತನಿಗೆ ಮೈದಾನದ ಆಚೆ ಬದಿಯ ತಂಡವಾಗಿತ್ತು.

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ ಇದೆಲ್ಲವನ್ನೂ ತಲೆಕೆಳಗು ಮಾಡಿತು. ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು: ಉದಗೀರ್, ನಿಲಂಗಾ, ಅಹ್ಮದ್‌ಪುರಗಳು ಮುಂಬೈ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದ್‌ನ ಬಹುಭಾಗ ಆಂಧ್ರಪ್ರದೇಶಕ್ಕೂ ಹೋಗಿ, ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಅಂದು ಔರಾದ್ ತಾಲ್ಲೂಕಿನ ಭಾಗವಾಗಿದ್ದು ಇತ್ತೀಚೆಗೆ ಸ್ವತಂತ್ರ ತಾಲ್ಲೂಕಾಗಿರುವ ಕಮಲನಗರದ ಪಾಲಿಗೆ ಒಂದೇ ಜಿಲ್ಲೆಯ ಊರಾಗಿದ್ದ ಉದಗೀರ್ ಹೊರರಾಜ್ಯವಾಯಿತು. ಫುಟ್‌ಬಾಲ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಹೈದರಾಬಾದ್ ಎಂಬ ರಾಜ್ಯ ನಕ್ಷೆಯಿಂದ ಅಳಿಸಿಹೋದರೂ ಹೈದರಾಬಾದ್ ಎಂಬ ತಂಡ ಉಳಿಯಿತು, ಉಳಿದದ್ದಷ್ಟೇ ಅಲ್ಲ, 1956–57 ಮತ್ತು 1957–58ರ ಸಂತೋಷ್ ಟ್ರೋಫಿಗಳನ್ನು ಸತತವಾಗಿ ಗೆದ್ದಿತು. ರಾಜ್ಯವಿಲ್ಲದ ತಂಡವೊಂದು ರಾಷ್ಟ್ರದ ಚಾಂಪಿಯನ್ ಆದ ಆ ಎರಡು ಋತುಗಳಲ್ಲಿ, ಅದನ್ನು ನಿನ್ನೆಯವರೆಗೆ ತಮ್ಮದೆಂದುಕೊಂಡಿದ್ದ ಬೀದರ್ ಸೀಮೆಯವರು ನಿಯಮದ ಪ್ರಕಾರ ಅದರ ಎದುರಾಳಿ ರಾಜ್ಯದ ಪ್ರಜೆಗಳಾಗಿದ್ದರು. ಮೈಸೂರು 1967–68 ಮತ್ತು 1968–69ರಲ್ಲಿ ಮತ್ತೆ ಎರಡು ಸಲ ಗೆದ್ದಾಗ ಆ ಗೆಲುವು ಬೀದರಿಗೂ ಸೇರಿತ್ತು. ಎದುರಾಳಿತನವೆಂಬುದು ರಕ್ತದಲ್ಲಿ ಬರುವುದೆಂದು ಅಭಿಮಾನಿಗಳು ನಂಬುವುದುಂಟು. ಗಡಿನಾಡಿನ ಅನುಭವ ಅದನ್ನು ಒಪ್ಪುವುದಿಲ್ಲ. ಇಲ್ಲಿ ಎದುರಾಳಿಯನ್ನು ಗೊತ್ತುಮಾಡಿದ್ದು ಸಂಸತ್ತಿನ ಒಂದು ಕಾಯಿದೆ.

ಇಂದಿನ ಕರ್ನಾಟಕದಲ್ಲಿ ಋತುವಿನ ಮೊದಲ ಪಂದ್ಯದ ಕುರಿತ ವಾದ ಕಾವು ಪಡೆದದ್ದು ಬೆಂಗಳೂರು ಎಫ್‌ಸಿ ತಂಡದ ಸುತ್ತ. 2013ರಲ್ಲಿ ಸ್ಥಾಪಿತವಾದ ಈ ತಂಡ ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಅದರ ಅಭಿಮಾನಿಗಳ ಸಂಘ ವೆಸ್ಟ್ ಬ್ಲಾಕ್ ಬ್ಲೂಸ್, ತಂಡದ ಮೊದಲ ನೆಲೆಯಾಗಿದ್ದ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ತಾವು ನಿಂತು ಹಾಡುತ್ತಿದ್ದ ಪಶ್ಚಿಮದ ಮೆಟ್ಟಿಲುಸಾಲಿನಿಂದ ಹೆಸರು ಪಡೆದಿದೆ. 2017ರಲ್ಲಿ ತಂಡ ಇಂಡಿಯನ್ ಸೂಪರ್ ಲೀಗ್‌ಗೆ ಬಂದಾಗ ದಕ್ಷಿಣದ ಇಬ್ಬರು ನೆರೆಯವರು ಅಲ್ಲಿದ್ದರು, ಚೆನ್ನೈಯಿನ್ ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಚೆನ್ನೈಯಿನ್ ತಂಡ 2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿಯೇ ಫೈನಲ್‌ನಲ್ಲಿ 3–2ರಿಂದ ಗೆದ್ದು ಪ್ರಶಸ್ತಿ ಒಯ್ದಿತು. ಮುಂದಿನ ಋತುವಿನ ವೇಳಾಪಟ್ಟಿಯಲ್ಲಿ ಬೆಂಗಳೂರಿನ ಮೊದಲ ಪಂದ್ಯ, ಸೆಪ್ಟೆಂಬರ್ 30ರಂದು, ಅದೇ ಎದುರಾಳಿಯೊಡನೆ ಅದೇ ಮೈದಾನದಲ್ಲಿ ಬಂತು. ಮಿಕು ಹೊಡೆದ ಏಕೈಕ ಗೋಲಿನಿಂದ ಬೆಂಗಳೂರು ಗೆದ್ದಿತು. ಆ ವರ್ಷ ಬೆಂಗಳೂರು ಚಾಂಪಿಯನ್ ಆಯಿತು, ಚೆನ್ನೈಯಿನ್ ಹತ್ತು ತಂಡಗಳಲ್ಲಿ ಕೊನೆಯದಾಯಿತು. ಮೊದಲ ಪಂದ್ಯವೇ ವರ್ಷದ ದಿಕ್ಕನ್ನು ತೋರಿಸುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. ಎಲ್ಲ ಅಂಕಗಳೂ ಒಂದೇ ಎಂಬ ಲೆಕ್ಕಾಚಾರವನ್ನೂ ಆ ಋತು ಅಲುಗಾಡಿಸಿತು: ಲೀಗ್ ಹಂತದ ಕೊನೆಗೆ ಬೆಂಗಳೂರು ಮತ್ತು ಗೋವಾ ತಲಾ 34 ಅಂಕ ಗಳಿಸಿದ್ದು, ಗೋಲುಗಳ ಅಂತರದಲ್ಲಿ ಗೋವಾ ಮುಂದಿದ್ದರೂ, ಪರಸ್ಪರ ಆಡಿದ ಎರಡೂ ಪಂದ್ಯಗಳನ್ನು ಗೆದ್ದಿದ್ದ ಬೆಂಗಳೂರಿಗೆ ಮೊದಲ ಸ್ಥಾನ ದೊರೆಯಿತು. ನೇರ ಎದುರಾಳಿಯಿಂದ ಕಸಿದ ಅಂಕಕ್ಕೆ ಕೆಲವೊಮ್ಮೆ ನಿಯಮಪುಸ್ತಕವೇ ಹೆಚ್ಚಿನ ಬೆಲೆ ಕಟ್ಟುತ್ತದೆ.

ಕೇರಳದೊಡನೆ ಹಗೆ ಗಟ್ಟಿಯಾದದ್ದು 2023ರ ಮಾರ್ಚ್ 3ರ ರಾತ್ರಿ, ಕಂಠೀರವದಲ್ಲಿ. ಸೋತವರು ಹೊರಬೀಳುವ ಪ್ಲೇಆಫ್ ಪಂದ್ಯದ ಹೆಚ್ಚುವರಿ ಅವಧಿಯ 96ನೆಯ ನಿಮಿಷದಲ್ಲಿ, ಕೇರಳದ ಆಟಗಾರರು ತಡೆಗೋಡೆಯಾಗಿ ನಿಲ್ಲುವ ಮುನ್ನವೇ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀ ಕಿಕ್ ಅನ್ನು ಗೋಲಿನೊಳಕ್ಕೆ ಕಳುಹಿಸಿದರು. ರೆಫರಿ ಗೋಲು ಕೊಟ್ಟರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ಕೇರಳ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡವೂ ತರಬೇತುದಾರರಿಗೆ ಹತ್ತು ಪಂದ್ಯಗಳ ನಿಷೇಧವೂ ಬಿದ್ದವು. ಮರುದಿನವೇ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಚರಿತ್ರೆಯ ತಕ್ಕಡಿಯಲ್ಲಿ ಈ ಎರಡನೆಯ ಘಟನೆಯೇ ಭಾರವಾದದ್ದು, ಏಕೆಂದರೆ 1956ರ ಬಳಿಕ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಸಮಾನವಾಗಿ ತಮ್ಮದೆನ್ನಬಹುದಾದ ತಂಡ ಅದೊಂದೇ. ಆದರೂ ಕ್ಲಬ್‌ಗಳ ಜಗಳದ ನೆನಪಿನ ಮುಂದೆ ಅದು ಮಂಕಾಗಿರುವುದು ನೋವಿನ ಸಂಗತಿ.

ಹೊಸ ಋತುವಿನ ಉದ್ಘಾಟನಾ ಪಂದ್ಯಕ್ಕೆ ಲೀಗ್ ಆರಿಸಿದ್ದು ಬೆಂಗಳೂರು–ಕೇರಳ ಜೋಡಿಯನ್ನೇ: 2023ರ ಸೆಪ್ಟೆಂಬರ್ 21, ಕೊಚ್ಚಿ. ಮಾರ್ಚ್ ತಿಂಗಳ ಕಹಿ ಆರುವ ಮೊದಲೇ ಈ ದಿನಾಂಕ ಬಂದದ್ದು ಆಕಸ್ಮಿಕವೆಂದು ನಂಬುವುದು ಕಷ್ಟ. ಜಾತ್ರೆಯ ಸಮಿತಿ ಕೊನೆಗೆ ಕಾದಿರಿಸುತ್ತಿದ್ದ ಜೋಡಿಯನ್ನು ದೂರದರ್ಶನದ ಯುಗದ ಸಂಘಟಕರು ಮೊದಲಿಗೆ ತಂದರು, ಏಕೆಂದರೆ ಅವರಿಗೆ ಬೇಕಾದದ್ದು ವರ್ಷವಿಡೀ ಉಳಿಯುವ ಪ್ರೇಕ್ಷಕ. ಮೊದಲ ಪಂದ್ಯವನ್ನು ಅಳತೆಗೋಲಾಗಿ ಬಳಸಬಾರದೆನ್ನುವವರ ಕೈಗೂ ಆ ದಿನ ಬಲವಾದ ವಾದ ಸಿಕ್ಕಿತು. ಬೇಸಿಗೆಯಲ್ಲಿ ಆಟಗಾರರು ಪಕ್ಷ ಬದಲಿಸಿದ್ದರು. ಬೆಂಗಳೂರಿನಲ್ಲಿದ್ದ ಪ್ರಬೀರ್ ದಾಸ್ ಕೇರಳಕ್ಕೂ, ಕೇರಳದ ನಾಯಕನಾಗಿದ್ದ ಜೆಸೆಲ್ ಕಾರ್ನೇರೊ ಬೆಂಗಳೂರಿಗೂ ಹೋಗಿದ್ದರು. ಜಗಳದ ಇಬ್ಬರು ಮುಖ್ಯ ವ್ಯಕ್ತಿಗಳೂ ಮೈದಾನದಲ್ಲಿರಲಿಲ್ಲ: ವುಕೊಮನೊವಿಚ್ ನಿಷೇಧದಲ್ಲಿದ್ದರು, ಚೆಟ್ರಿ ಅದೇ ದಿನ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಬಾಂಗ್ಲಾದೇಶದ ಎದುರು ಭಾರತದ ಗೆಲುವಿನ ಪೆನಾಲ್ಟಿ ಹೊಡೆಯುತ್ತಿದ್ದರು. ಕೊಚ್ಚಿಯಲ್ಲಿ 52ನೆಯ ನಿಮಿಷದಲ್ಲಿ ಬೆಂಗಳೂರು ಉಡುಗೊರೆ ಗೋಲು ಬಿಟ್ಟುಕೊಟ್ಟಿತು, ಅಂದರೆ ಚೆಂಡು ತನ್ನದೇ ಆಟಗಾರನಿಂದ ತನ್ನ ಗೋಲಿನೊಳಗೆ ಹೋಯಿತು. ಏಡ್ರಿಯನ್ ಲೂನಾ ಎರಡನೆಯದನ್ನು ಸೇರಿಸಿದರು. ಕೊನೆಯಲ್ಲಿ ಕರ್ಟಿಸ್ ಮೇನ್ ಒಂದನ್ನು ಹಿಂದಿರುಗಿಸಿದರೂ ಪಂದ್ಯ 2–1ರಿಂದ ಕೇರಳದ್ದಾಯಿತು.

ಹಾಗಾದರೆ ಆ ಸೋಲಿನ ಬೆಲೆ ಎಷ್ಟು? 22 ಪಂದ್ಯಗಳ ಲೀಗ್‌ನಲ್ಲಿ ಅದು 66 ಅಂಕಗಳ ಪೈಕಿ ಮೂರು. ಲೆಕ್ಕಿಗರ ಪಕ್ಷ ಇಲ್ಲಿಗೆ ನಿಲ್ಲುತ್ತದೆ, ಆದರೆ ಇದು ಪೂರ್ತಿ ಉತ್ತರವಲ್ಲ. ಮೊದಲ ಪಂದ್ಯ ತಂಡದ ಬಲವನ್ನು ಅಳೆಯುವುದಿಲ್ಲವೆಂಬುದು ನಿಜ. ಅದು ಅಳೆಯುವುದು ಹಿಂದಿನ ವರ್ಷ ಇನ್ನೂ ಎಷ್ಟು ಬದುಕಿದೆ ಎಂಬುದನ್ನು. ಆದ್ದರಿಂದ ಎರಡು ಪಕ್ಷಗಳೂ ಬೇರೆಬೇರೆ ವಸ್ತುಗಳನ್ನು ತೂಗುತ್ತಿವೆ, ಮತ್ತು ನೆನಪಿನ ಪಕ್ಷಕ್ಕೆ ಒಂದು ಹಿಡಿ ಹೆಚ್ಚು ನ್ಯಾಯವಿದೆ, ಏಕೆಂದರೆ 1925ರ ಕೊಲ್ಕತ್ತ ಲೀಗ್‌ನ ಅಂಕಪಟ್ಟಿ ಇಂದು ಯಾರ ನಾಲಗೆಯ ಮೇಲೂ ಇಲ್ಲದಿದ್ದರೂ ಮೇ 28ರ ಆ ಒಂದು ಗೋಲು ಉಳಿದುಬಂದಿದೆ. ಇತ್ತ 2023–24ರ ಬೆಂಗಳೂರು ಡಿಸೆಂಬರಿನಲ್ಲಿ ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ಕಳುಹಿಸಿಕೊಟ್ಟಿತು. 2024ರ ಮಾರ್ಚ್ 2ರಂದು, ಫ್ರೀ ಕಿಕ್ ಜಗಳಕ್ಕೆ ಒಂದು ವರ್ಷ ತುಂಬುವ ಮುನ್ನಾದಿನ, ಕೇರಳ ತಂಡ ಕಂಠೀರವಕ್ಕೆ ಮರಳಿ ಬಂದಾಗ ಜಾವಿ ಹೆರ್ನಾಂಡೆಜ್ ಕೊನೆಯ ಕ್ಷಣಗಳಲ್ಲಿ ಹೊಡೆದ ಏಕೈಕ ಗೋಲಿನಿಂದ ಬೆಂಗಳೂರು ಗೆದ್ದು ಸೇಡು ತೀರಿಸಿಕೊಂಡಿತು. ಋತು ಮುಗಿದಾಗ ಕೇರಳ ಐದನೆಯ ಸ್ಥಾನದಲ್ಲಿದ್ದು ಪ್ಲೇಆಫ್‌ಗೆ ಹೋಯಿತು, ಬೆಂಗಳೂರು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ ಉಳಿಯಿತು.