ಮಂದೀ ಕಾಲದ ಮಂದಿ

ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಅಕ್ಕನ ಮಗಳು ಪುಸ್ತಕ ಹಿಡಿದು ಮಾರೇನಹಳ್ಳಿಯ ನಮ್ಮ ಮನೆಗೆ ಬಂದುಬಿಡುತ್ತಾಳೆ. ಅವಳ ಮನೆಯಲ್ಲಿ ಟಿ.ವಿ. ಸದ್ದು, ಇಲ್ಲಿ ಓದಲು ಒಂದು ಮೂಲೆ ಇದೆ ಎಂಬುದು ನೆಪ. ಬಿ.ಎ. ಇತಿಹಾಸ ಅವಳ ವಿಷಯ. ಈ ಸಲ ಅಮೆರಿಕದ ಪಾಠ. ‘ಮೂರು ಘಟ್ಟ ಮಾಮೂ, ಸಾಗರದಾಚೆಯ ವಿಸ್ತರಣೆ, ಮಹಾಯುದ್ಧ, ಆರ್ಥಿಕ ಮುಗ್ಗಟ್ಟು. ಹತ್ತು ಅಂಕದ ಪ್ರಶ್ನೆ ಬಂದೇ ಬರುತ್ತೆ’ ಎಂದು ಇಸವಿಗಳನ್ನು ಬಾಯಿಪಾಠ ಮಾಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಪುಸ್ತಕ ಮುಚ್ಚಿ, ‘ಇದರಲ್ಲಿ ನಮ್ಮದು ಏನಿದೆ? ಯಾಕೆ ಓದಬೇಕು?’ ಎಂದು ಕೇಳಿದಳು.

ನನಗೆ ನಾನಿಯ ನೆನಪಾಯಿತು. ನನ್ನ ತಾಯಿಯ ತಾಯಿ ರಾಮನಗರದವಳು. ಅವಳು ಹುಟ್ಟಿದಾಗ ಆ ಊರಿಗೆ ಕ್ಲೋಸ್‌ಪೇಟೆ ಎಂದು ಹೆಸರು. ಅವಳ ತಂದೆ ರೇಷ್ಮೆ ಗೂಡು ಕೊಂಡು ಚರಕದಲ್ಲಿ ನೂಲು ಬಿಚ್ಚಿಸುತ್ತಿದ್ದರು. ನಾನಿಗೆ ಓದು ಬರಹ ಬಾರದು, ಇಸವಿಗಳೂ ಗೊತ್ತಿರಲಿಲ್ಲ. ಅವಳ ಕಾಲಗಣನೆಯೇ ಬೇರೆ. ‘ಅದು ಮಂದೀ ಕಾ ಸಾಲ್‌ಗೆ ಮುಂಚೆ’, ‘ಇದು ಮಂದೀ ಕಾ ಸಾಲ್ ಆದ ಮೇಲೆ’ ಎನ್ನುತ್ತಿದ್ದಳು. ಉರ್ದುವಿನಲ್ಲಿ ಮಂದೀ ಎಂದರೆ ವ್ಯಾಪಾರ ಬಿದ್ದುಹೋಗುವುದು. ಕನ್ನಡ ಶಾಲೆಗೂ ಹೋಗುತ್ತಿದ್ದ ನಮಗೆ ಮಂದಿ ಎಂದರೆ ಜನ. ‘ಜನರ ವರ್ಷ ಅಂದರೇನು ನಾನಿ?’ ಎಂದು ನಾವು ನಗುತ್ತಿದ್ದೆವು. ಅವಳು ನಗುತ್ತಿರಲಿಲ್ಲ.

ಸೊಸೆಯ ಪುಸ್ತಕದ ಮೂರು ಘಟ್ಟಗಳನ್ನೂ ಮೈಸೂರು ಸಂಸ್ಥಾನದ ನೆಲದಲ್ಲಿ ನಿಂತು ನೋಡಲು ಸಾಧ್ಯವಿದೆ. ನಾನಿಯ ‘ಮಂದೀ ಕಾ ಸಾಲ್’ ಆ ಪಾಠದ ಕೊನೆಯ ಅಧ್ಯಾಯವೇ ಆಗಿದೆ.

1898ರ ಫೆಬ್ರವರಿಯಲ್ಲಿ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇನ್’ ಎಂಬ ಯುದ್ಧನೌಕೆ ಸ್ಫೋಟಗೊಂಡಿತು. ಏಪ್ರಿಲ್‌ನಲ್ಲಿ ಸ್ಪೇನಿನ ಜೊತೆ ಯುದ್ಧ ಶುರುವಾಗಿ ಕೆಲವೇ ತಿಂಗಳಲ್ಲಿ ಮುಗಿಯಿತು. ಡಿಸೆಂಬರ್‌ನ ಪ್ಯಾರಿಸ್ ಒಪ್ಪಂದದ ಹೊತ್ತಿಗೆ ಪೋರ್ಟೊರಿಕೊ, ಗುವಾಮ್, ಫಿಲಿಪ್ಪೀನ್ಸ್ ಅಮೆರಿಕದ ಕೈ ಸೇರಿದ್ದವು. ಫಿಲಿಪ್ಪೀನ್ಸಿಗಾಗಿ ಸ್ಪೇನಿಗೆ 2 ಕೋಟಿ ಡಾಲರ್ ಕೊಡಲಾಯಿತು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಅವರು ಬಂದೂಕು ಹಿಡಿದು ಎದ್ದರು. ದಕ್ಷಿಣದ ದ್ವೀಪಗಳ ಮುಸ್ಲಿಮರಾದ ಮೋರೋಗಳ ಪ್ರತಿರೋಧ ಇನ್ನೂ ಹಲವು ವರ್ಷ ನಡೆಯಿತು. 1906ರ ಮಾರ್ಚ್‌ನಲ್ಲಿ ಜೋಲೋ ದ್ವೀಪದ ಬುದ್ ದಾಜೋ ಬೆಟ್ಟದ ಮೇಲೆ ಆಶ್ರಯ ಪಡೆದಿದ್ದ ನೂರಾರು ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ, ಅಮೆರಿಕದ ಸೇನೆ ಕೊಂದಿತು. ಇದನ್ನು ಕಟುವಾಗಿ ಖಂಡಿಸಿ ಬರೆದವರಲ್ಲಿ ಅಮೆರಿಕದವರೇ ಆದ ಮಾರ್ಕ್ ಟ್ವೈನ್ ಇದ್ದರು ಎಂಬುದನ್ನೂ ನಾವು ಮರೆಯಬಾರದು. ಒಂದು ದೇಶವೆಂದರೆ ಅದರ ಸರ್ಕಾರ ಮಾತ್ರವಲ್ಲ.

ಅದೇ ವರ್ಷಗಳಲ್ಲಿ ಅಮೆರಿಕ ನಮ್ಮಲ್ಲಿಗೂ ಬಂತು. ಆದರೆ ಬಂದೂಕಿನೊಂದಿಗಲ್ಲ, ಯಂತ್ರದೊಂದಿಗೆ. ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಬೇಕಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಯೋಜನೆ ರೂಪುಗೊಂಡಿತು. ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ 92 ಮೈಲಿ ದೂರದ ಕೋಲಾರಕ್ಕೆ ಹರಿಯಿತು. ಅದನ್ನು ಕಣ್ಣಾರೆ ನೋಡಲು ಶೇಷಾದ್ರಿ ಅಯ್ಯರ್ ಬದುಕಿರಲಿಲ್ಲ. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೂ ದೀಪ ಬಂತು. ಮೊದಲು ಗಣಿಗೆ, ಮೂರು ವರ್ಷದ ನಂತರ ಬೀದಿಗೆ. ಈ ಅನುಕ್ರಮದಲ್ಲೇ ಆ ಕಾಲದ ಆದ್ಯತೆ ಏನಿತ್ತೆಂದು ತಿಳಿಯುತ್ತದೆ. ಹಾಗೆಂದು ಆ ಬೆಳಕನ್ನು ಬೇಡವೆನ್ನಲಾದೀತೇ? ಹೊರಗಿನಿಂದ ಬಂದದ್ದೆಲ್ಲ ಕೇಡು ಎನ್ನುವುದು ಸುಲಭದ ಮಾತು, ನಿಜದ ಮಾತಲ್ಲ.

ಎರಡನೆಯ ಘಟ್ಟ ಯುದ್ಧದ್ದು. 1914ರಲ್ಲಿ ಯುರೋಪು ಹೊತ್ತಿಕೊಂಡಿತು. ಅಮೆರಿಕ ಮೊದಲು ದೂರ ನಿಂತು ಸರಕು ಮಾರಿತು, ಸಾಲ ಕೊಟ್ಟಿತು. 1917ರ ಏಪ್ರಿಲ್‌ನಲ್ಲಿ ಯುದ್ಧಕ್ಕಿಳಿಯಿತು. ಮೈಸೂರಿಗೆ ದೂರ ನಿಲ್ಲುವ ಆಯ್ಕೆಯೇ ಇರಲಿಲ್ಲ. ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾದಲ್ಲಿ ತುರ್ಕರ ವಿರುದ್ಧ ಹೋರಾಡಿತು. ಯಾರ ಯುದ್ಧ, ಯಾರ ನೆಲ, ಯಾರ ಕುದುರೆ!

ಯುದ್ಧದ ಕೊನೆಯ ವರ್ಷ ಅಧ್ಯಕ್ಷ ವಿಲ್ಸನ್ ಹದಿನಾಲ್ಕು ಅಂಶಗಳನ್ನು ಸಾರಿದರು. ಜನರ ಇಚ್ಛೆಯಂತೆ ಆಡಳಿತ ಎಂಬ ಆಸೆ ವಸಾಹತುಗಳಲ್ಲೆಲ್ಲ ಚಿಗುರಿತು. ಆಗ ಅಮೆರಿಕದಲ್ಲಿದ್ದ ಕನ್ನಡಿಗರೊಬ್ಬರನ್ನು ಇಲ್ಲಿ ನೆನೆಯಬೇಕು. ಧಾರವಾಡದಲ್ಲಿ ಹುಟ್ಟಿದ ಡಾ. ನಾ.ಸು. ಹರ್ಡೀಕರ್ ಉನ್ನತ ವ್ಯಾಸಂಗಕ್ಕೆಂದು ಹೋದವರು, ಲಾಲಾ ಲಜಪತರಾಯರ ಜೊತೆ ಸೇರಿ ಅಲ್ಲಿ ಭಾರತದ ಸ್ವರಾಜ್ಯಕ್ಕಾಗಿ ಪ್ರಚಾರ ಮಾಡಿದರು. ಹಿಂದಿರುಗಿದ ಮೇಲೆ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ಹಿಂದೂಸ್ತಾನಿ ಸೇವಾದಳ ಕಟ್ಟಿದರು. ವಿಲ್ಸನ್ನರ ಮಾತು ಮಾತಾಗಿಯೇ ಉಳಿಯಿತು. 1917ರ ಕಾನೂನಿನಂತೆ ಅಮೆರಿಕ ಏಷ್ಯಾದ ಬಹುಪಾಲು ಜನರ ವಲಸೆಗೆ ಬಾಗಿಲು ಮುಚ್ಚಿತು. 1923ರಲ್ಲಿ ಅದರ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬ ಮಾಜಿ ಸೈನಿಕನಿಗೇ ‘ನೀನು ಬಿಳಿಯನಲ್ಲ’ ಎಂದು ಪೌರತ್ವ ನಿರಾಕರಿಸಿತು.

ಇದೇ ಹೊತ್ತಿಗೆ ನಮ್ಮ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಏಳುತ್ತಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿಗೆ ತಾಂತ್ರಿಕ ಸಲಹೆ ಕೊಟ್ಟವರು ನ್ಯೂಯಾರ್ಕಿನ ಸಿ.ಪಿ. ಪೆರಿನ್. ಯುದ್ಧಕಾಲದಲ್ಲಿ ಕಬ್ಬಿಣದ ಬೆಲೆ ಗಗನಕ್ಕೇರಿತ್ತು. 1923ರ ಜನವರಿಯಲ್ಲಿ ಕುಲುಮೆ ಹೊತ್ತುವಷ್ಟರಲ್ಲಿ ಬೆಲೆ ಬಿದ್ದುಹೋಗಿತ್ತು. ಕಾರ್ಖಾನೆಯನ್ನು ಉಳಿಸಿಕೊಳ್ಳಲು ವಿಶ್ವೇಶ್ವರಯ್ಯನವರೇ ಮತ್ತೆ ಹೊಣೆ ಹೊರಬೇಕಾಯಿತು. ಜಗತ್ತಿನ ಮಾರುಕಟ್ಟೆಯನ್ನು ನಂಬಿ ಹೆಜ್ಜೆಯಿಟ್ಟರೆ ಕಾಲ ಕೆಳಗಿನ ನೆಲ ಸರಿಯಬಹುದು ಎಂಬ ಮೊದಲ ಎಚ್ಚರಿಕೆ ಅದು. ಸಂಸ್ಥಾನಕ್ಕೆ ಬೊಕ್ಕಸವಿತ್ತು, ತಡೆದುಕೊಂಡಿತು. ಬೊಕ್ಕಸವಿಲ್ಲದವರ ಕಥೆ ಮುಂದಿನದು.

ಮೈಸೂರಿನ ರೇಷ್ಮೆಗೆ ಟಿಪ್ಪು ಸುಲ್ತಾನರ ಕಾಲದ ಬೇರಿದೆ. ಬಂಗಾಳದಿಂದ ರೇಷ್ಮೆ ಹುಳು ತರಲು ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಹಿಂದಿರುಗುತ್ತಿರುವುದನ್ನು 1786ರ ಸುಲ್ತಾನರ ಪತ್ರವೊಂದು ತಿಳಿಸುತ್ತದೆ. ಆ ಎರಡು ಹೆಸರುಗಳ ಜೋಡಿಯಲ್ಲೇ ಈ ಕಸುಬಿನ ಸ್ವಭಾವವಿದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ಹೆಚ್ಚಾಗಿ ಒಕ್ಕಲು ಮಕ್ಕಳು. ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟಗಳಲ್ಲಿ ಗೂಡು ಕೊಂಡು ನೂಲು ಬಿಚ್ಚುವವರು ಹೆಚ್ಚಾಗಿ ಮುಸ್ಲಿಮರು. ನೇಯುವವರು ಬೇರೆ, ಮಾರುವವರು ಬೇರೆ. ಒಂದು ಸೀರೆಗೆ ಎಷ್ಟು ಜಾತಿ ಮತಗಳ ಕೈ!

20ನೇ ಶತಮಾನದ ಆರಂಭದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಚ್ಚಾ ರೇಷ್ಮೆ ಕೊಳ್ಳುವ ದೇಶ ಅಮೆರಿಕವಾಗಿತ್ತು. ನ್ಯೂಜೆರ್ಸಿಯ ಪ್ಯಾಟರ್ಸನ್ ನಗರಕ್ಕೆ ‘ರೇಷ್ಮೆ ನಗರ’ ಎಂದೇ ಹೆಸರು. ಯುದ್ಧ ಮುಗಿದ ಮೇಲಿನ ಸುಖದ ವರ್ಷಗಳಲ್ಲಿ ಅಲ್ಲಿನ ಹೆಂಗಸರಿಗೆ ರೇಷ್ಮೆ ಕಾಲ್ಚೀಲ ದಿನನಿತ್ಯದ ಉಡುಪಾಯಿತು. ಆ ರೇಷ್ಮೆ ನಮ್ಮದಲ್ಲ, ಜಪಾನಿನದು. ಜಪಾನ್ ಹೊರದೇಶಕ್ಕೆ ಕಳಿಸುತ್ತಿದ್ದ ಕಚ್ಚಾ ರೇಷ್ಮೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚು ಅಮೆರಿಕಕ್ಕೇ ಹೋಗುತ್ತಿತ್ತು. ಜಪಾನಿನ ರೈತನ ಅನ್ನ ನ್ಯೂಯಾರ್ಕಿನ ಅಂಗಡಿಯಲ್ಲಿ ಬೇಯುತ್ತಿತ್ತು ಎನ್ನಬಹುದು.

1929ರ ಅಕ್ಟೋಬರ್ ಕೊನೆಯ ವಾರ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1932ರ ಬೇಸಿಗೆಯ ಹೊತ್ತಿಗೆ ಷೇರುಗಳ ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ಸಾವಿರಾರು ಬ್ಯಾಂಕುಗಳು ಮುಚ್ಚಿದವು. 1933ರಲ್ಲಿ ಅಲ್ಲಿನ ದುಡಿಯುವವರಲ್ಲಿ ನಾಲ್ವರಿಗೊಬ್ಬರು ನಿರುದ್ಯೋಗಿ. ಹೊಟ್ಟೆಗೆ ಹಿಟ್ಟಿಲ್ಲದವರು ರೇಷ್ಮೆ ಕಾಲ್ಚೀಲ ಕೊಳ್ಳುತ್ತಾರೆಯೇ? ಜಪಾನಿನ ಗೋದಾಮುಗಳಲ್ಲಿ ರೇಷ್ಮೆ ಕೊಳೆಯತೊಡಗಿತು, ಬೆಲೆ ಪಾತಾಳಕ್ಕಿಳಿಯಿತು. 1931ರ ಡಿಸೆಂಬರ್‌ನಲ್ಲಿ ಜಪಾನ್ ಚಿನ್ನದ ಪ್ರಮಾಣವನ್ನು ಬಿಟ್ಟುಕೊಟ್ಟಿತು, ಯೆನ್ನಿನ ಬೆಲೆ ಬಿತ್ತು, ಅದರ ಸರಕು ಇನ್ನೂ ಅಗ್ಗವಾಯಿತು. ಅಮೆರಿಕ ಕೊಳ್ಳದ ರೇಷ್ಮೆ ಬೇರೆ ಬಂದರುಗಳನ್ನು ಹುಡುಕಿತು. ಚೀನಾದ ರೇಷ್ಮೆಯೂ ಕೃತಕ ರೇಷ್ಮೆಯೂ ಜೊತೆಗೂಡಿದವು. ಭಾರತದ ಬಾಗಿಲು ತೆರೆದೇ ಇತ್ತು. ಬಾಗಿಲ ಬೀಗದ ಕೈ ಮೈಸೂರಿನವರ ಬಳಿ ಇರಲಿಲ್ಲ, ಬ್ರಿಟಿಷರ ಬಳಿ ಇತ್ತು.

ನೂಲು ಬಿಚ್ಚುವವನ ವ್ಯಾಪಾರ ವಿಚಿತ್ರವಾದದ್ದು. ಇಂದು ಗೂಡು ಕೊಳ್ಳಬೇಕು. ಚಿಟ್ಟೆ ಕೊರೆದು ಹೊರಬರುವ ಮೊದಲೇ ನೂಲು ತೆಗೆಯಬೇಕು, ಕಾಯುವಂತಿಲ್ಲ. ಬಿಸಿನೀರಿನ ಬಾನಿಯ ಮುಂದೆ ಒಬ್ಬರು ಕೂತು ಎಳೆ ಹಿಡಿಯುತ್ತಾರೆ, ಇನ್ನೊಬ್ಬರು ಚಕ್ರ ತಿರುಗಿಸುತ್ತಾರೆ. ಕೆಲವು ದಿನಗಳ ಮೇಲೆ ನೂಲು ಮಾರಬೇಕು. ಆ ನಡುವೆ ಬೆಲೆ ಬಿದ್ದರೆ ಕೊಂಡ ಗೂಡಿನ ದುಡ್ಡೂ ಹುಟ್ಟುವುದಿಲ್ಲ. ತಿಂಗಳುಗಟ್ಟಲೆ ಬೆಲೆ ಬೀಳುತ್ತಲೇ ಹೋದರೆ ಪ್ರತಿ ಸಂತೆಯೂ ನಷ್ಟ. ನೇಕಾರನನ್ನೂ ದೂರುವಂತಿಲ್ಲ. ಅಗ್ಗದ, ನಯವಾದ, ಹರಿಯದ ವಿದೇಶಿ ನೂಲು ಅವನ ಮಗ್ಗಕ್ಕೆ ಒಗ್ಗಿತು. ಅವನ ಮನೆಯಲ್ಲೂ ಮಕ್ಕಳಿದ್ದರು.

ರೈತರು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆಗೆ ಹೋದರು. ಆದರೆ ಅದಕ್ಕೂ ಬೆಲೆಯಿರಲಿಲ್ಲ. ಆ ಕೆಲವೇ ವರ್ಷಗಳಲ್ಲಿ ದೇಶದ ಕೃಷಿ ಬೆಲೆಗಳು ಹೆಚ್ಚು ಕಡಿಮೆ ಅರ್ಧಕ್ಕಿಳಿದವು. ಕಂದಾಯ, ಸಾಲ, ಬಡ್ಡಿ ಮಾತ್ರ ಇಳಿಯಲಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಪ್ರಮಾಣದಿಂದ ಹೊರಬಂದಾಗ ಎಲ್ಲದರ ಬೆಲೆ ಬಿದ್ದರೂ ಚಿನ್ನದ ಬೆಲೆ ಏರಿತು. ಹಳ್ಳಿ ಪೇಟೆಗಳ ಹೆಂಗಸರ ಮೈಮೇಲಿನ ಒಡವೆ ಗಿರವಿ ಅಂಗಡಿಗೆ, ಅಲ್ಲಿಂದ ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಹೋಯಿತು. ಆ ದಶಕದಲ್ಲಿ ಹಾಗೆ ಹೋದದ್ದು ನೂರಾರು ಕೋಟಿ ರೂಪಾಯಿಯ ಚಿನ್ನ.

ಅದರಲ್ಲಿ ನಾನಿಯ ತಾಯಿಯ ಲಚ್ಛವೂ ಇತ್ತು. ಕರಿಮಣಿಯ ನಡುವೆ ಚಿನ್ನದ ಗುಂಡು ಪೋಣಿಸಿದ, ನಿಕಾಹ್ ದಿನ ಕೊರಳಿಗೆ ಬಿದ್ದ ಲಚ್ಛ. ಚಿನ್ನ ಕಿತ್ತು ಮಾರಿ ಬರೀ ಕರಿಮಣಿಯನ್ನು ದಾರಕ್ಕೆ ಪೋಣಿಸಿಕೊಂಡು ಆಕೆ ಕೊನೆಯವರೆಗೂ ಹಾಕಿಕೊಂಡಿದ್ದರಂತೆ. ನಮ್ಮ ಮನೆಯಲ್ಲಿ ಈ ಕಥೆಯನ್ನು ನೂರು ಸಲ ಕೇಳಿದ್ದೇವೆ.

ಬೆಳೆಗಾರರ ಮತ್ತು ಸಂಸ್ಥಾನಗಳ ಒತ್ತಾಯದ ಮೇಲೆ 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು. 1934ರಲ್ಲಿ ವಿದೇಶಿ ರೇಷ್ಮೆಯ ಮೇಲೆ ರಕ್ಷಣಾ ಸುಂಕ ಬಂತು. ಅಷ್ಟರಲ್ಲಿ ಎಷ್ಟೋ ಚರಕಗಳು ಒಲೆಗೆ ಸೌದೆಯಾಗಿದ್ದವು. ನಿಜವಾದ ಚೇತರಿಕೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ, ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ. ನಮ್ಮನ್ನು ಮುಳುಗಿಸಿದ್ದು ಪರದೇಶದ ಶಾಂತಿಕಾಲ, ಎತ್ತಿದ್ದು ಪರದೇಶದ ಯುದ್ಧ. ಇದಕ್ಕಿಂತ ಕ್ರೂರವಾದ ಲೆಕ್ಕ ಇನ್ನೊಂದಿದೆಯೇ?

ಸ್ವತಂತ್ರ ಭಾರತದಲ್ಲಿ ಬೀಗದ ಕೈ ನಮ್ಮ ಕೈಗೇ ಬಂತು. ಆದರೂ 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದಾಗ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಬಿದ್ದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಲಾಯಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲೆ ಶೇ. 50ರ ಸುಂಕ ಹೇರಿದಾಗ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳ ಎದೆ ಹೊಡೆದುಕೊಂಡಿತು. ಅಮೆರಿಕ 1930ರಲ್ಲೂ ಸುಂಕದ ಗೋಡೆ ಎಬ್ಬಿಸಿತ್ತು. ಅದರಿಂದ ಮುಗ್ಗಟ್ಟು ನೀಗಲಿಲ್ಲ, ಜಗತ್ತಿನ ವ್ಯಾಪಾರ ಇನ್ನಷ್ಟು ಕುಗ್ಗಿತು.

ಇಷ್ಟು ಹೇಳಿದ ಮೇಲೆ ಸೊಸೆ, ‘ಹಾಗಾದರೆ ತಪ್ಪು ಅಮೆರಿಕದ್ದು ಅಲ್ಲವಾ ಮಾಮೂ?’ ಎಂದಳು. ನಾನು ಹೌದೆನ್ನಬಹುದಿತ್ತು. ಆದರೆ ನಾನಿ ಸಾಯುವ ಮುನ್ನಿನ ವರ್ಷ ಹೇಳಿದ ಮಾತು ಅಡ್ಡ ಬಂತು. ಲಚ್ಛದ ಕಥೆ ಹೇಳುತ್ತಿದ್ದವಳು ಸುಮ್ಮನಾಗಿ, ‘ಲಚ್ಛಕ್ಕೆ ಮೊದಲು ಆ ಹುಡುಗನನ್ನು ಬಿಡಿಸಿದರು’ ಎಂದಳು. ಯಾವ ಹುಡುಗ? ಚರಕದ ಚಕ್ರ ತಿರುಗಿಸುತ್ತಿದ್ದವನು. ನಾನಿಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು. ಮೊದಲು ಅವನ ಕೂಲಿ ಅರ್ಧ ಮಾಡಿದರಂತೆ, ಆಮೇಲೆ ‘ನಾಳೆಯಿಂದ ಬರಬೇಡ’ ಎಂದರಂತೆ. ಅವನು ಮರುದಿನವೂ ಬಂದು ಬಾಗಿಲಲ್ಲಿ ಕೂತಿದ್ದನಂತೆ. ಅದರ ಮರುದಿನ ಬರಲಿಲ್ಲ.

ನ್ಯೂಯಾರ್ಕಿನಿಂದ ಹೊರಟ ನಷ್ಟ ಜಪಾನಿಗೆ ಬಂತು, ಬೊಂಬಾಯಿಗೆ ಬಂತು, ಕ್ಲೋಸ್‌ಪೇಟೆಯ ನಮ್ಮ ಅಂಗಳಕ್ಕೆ ಬಂತು. ಪ್ರತಿಯೊಬ್ಬರೂ ಅದನ್ನು ತಮಗಿಂತ ಕೆಳಗಿನವರ ಹೆಗಲಿಗೆ ದಾಟಿಸಿದರು. ನಾವೂ ದಾಟಿಸಿದೆವು. ಆ ಹುಡುಗನ ಕೆಳಗೆ ಯಾರೂ ಇರಲಿಲ್ಲ.

‘ಅವನ ಹೆಸರೇನು?’ ಎಂದು ಸೊಸೆ ಕೇಳಿದಳು. ನಾನೂ ನಾನಿಯನ್ನು ಅಂದು ಅದನ್ನೇ ಕೇಳಿದ್ದೆ. ಊರಿನ ಎಲ್ಲ ಚರಕದ ಮನೆಗಳ ಹೆಸರು ಹೇಳಬಲ್ಲವಳಾಗಿದ್ದ ನಾನಿ ಬಹಳ ಹೊತ್ತು ಯೋಚಿಸಿದಳು. ಅವಳಿಗೆ ನೆನಪಾಗಲಿಲ್ಲ.