ಅರಬ್ಬಿಯ ಅಡಿಯಲ್ಲೊಂದು ಧಾರವಾಡ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಾದ ನಾವು ಧಾರವಾಡವೆಂದೊಡನೆ ಸಂಗೀತವನ್ನೂ ಸಾಹಿತ್ಯವನ್ನೂ ಪೇಡೆಯನ್ನೂ ನೆನೆಯುತ್ತೇವೆ. ಭೂವಿಜ್ಞಾನಿಗಳಿಗೆ ಅದು ಒಂದು ದಿಕ್ಕಿನ ಹೆಸರೂ ಹೌದು. ಉತ್ತರದಲ್ಲಿ ತುಸು ವಾಯವ್ಯಕ್ಕೂ ದಕ್ಷಿಣದಲ್ಲಿ ತುಸು ಆಗ್ನೇಯಕ್ಕೂ ವಾಲಿದ ಈ ದಿಕ್ಕಿನಲ್ಲಿಯೇ ಕರ್ನಾಟಕದ ಅತಿ ಪ್ರಾಚೀನ ಶಿಲಾಪಟ್ಟಿಗಳು ಚಾಚಿಕೊಂಡಿವೆ. ಆ ಶಿಲೆಗಳಿಗೆ ಧಾರವಾಡದ ಹೆಸರನ್ನಿತ್ತವನು 19ನೆಯ ಶತಮಾನದ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಕಡಲತೀರದಿಂದ ಸುಮಾರು 160 ಕಿ.ಮೀ. ಪಶ್ಚಿಮಕ್ಕೆ, ಅರಬ್ಬಿ ಸಮುದ್ರದ ತಳದಡಿಯಲ್ಲಿ ಹುದುಗಿರುವ ಬಾಂಬೆ ಹೈ ಎಂಬ ದಿಬ್ಬವೂ ಇದೇ ದಿಕ್ಕಿಗೆ ಮೈಚಾಚಿ ಮಲಗಿದೆ. ಅದರ ಉದ್ದ ಸುಮಾರು 65 ಕಿ.ಮೀ., ಅಗಲ 23 ಕಿ.ಮೀ.

ಯಾರ ಕಣ್ಣಿಗೂ ಬೀಳದ ಈ ದಿಬ್ಬದ ನಕ್ಷೆ ಸಿದ್ಧವಾದದ್ದು ಹೇಗೆ? ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು 1956ರ ಆಗಸ್ಟಿನಲ್ಲಿ ರೂಪುಗೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಧಾರವಾಡವು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ನೆಲದ ಮೇಲೆ ಗಡಿಗಳು ಬದಲಾಗುತ್ತಿದ್ದ ಆ ಕಾಲದಲ್ಲಿ, ಕೇಶವದೇವ ಮಾಳವೀಯರ ಆಸಕ್ತಿಯಿಂದಲೂ ಸೋವಿಯತ್ ತಜ್ಞರ ನೆರವಿನಿಂದಲೂ ನೆಲದ ಕೆಳಗಿನ ಶೋಧ ಮೊದಲಾಯಿತು. ಖಂಭಾತದಲ್ಲಿಯೂ ಅಂಕಲೇಶ್ವರದಲ್ಲಿಯೂ ಎಣ್ಣೆ ದೊರೆತ ಬಳಿಕ ದೃಷ್ಟಿ ಕಡಲಿನತ್ತ ಹೊರಳಿತು. 1960ರ ದಶಕದ ನಡುವೆ ‘ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ’ ಎಂಬ ಸೋವಿಯತ್ ಹಡಗು ಇಲ್ಲಿ ಭೂಕಂಪನ ಸಮೀಕ್ಷೆ ನಡೆಸಿತು.

ಹಲಸಿನ ಹಣ್ಣನ್ನು ತಟ್ಟಿ, ಸದ್ದಿನಿಂದ ಒಳಗಿನ ತೊಳೆಯ ಪಕ್ವತೆಯನ್ನು ಊಹಿಸುವುದು ನಮ್ಮವರಿಗೆ ಗೊತ್ತು. ಸಮೀಕ್ಷೆಯ ತತ್ತ್ವವೂ ಅದಕ್ಕೆ ದೂರದ್ದಲ್ಲ. ನೀರಿನಲ್ಲಿ ಹುಟ್ಟಿಸಿದ ಸದ್ದು ಕೆಳಗಿಳಿದು, ಪದರಪದರಗಳಿಗೆ ತಾಗಿ ಮರಳುತ್ತದೆ. ಹಡಗು ಎಳೆದೊಯ್ಯುವ ಕೇಬಲ್ಲಿನ ಗ್ರಾಹಕಗಳು ಆ ಮರುದನಿಯನ್ನು ದಾಖಲಿಸುತ್ತವೆ. ಆದರೆ ಹೀಗೆ ದೊರೆಯುವುದು ಆಳವಲ್ಲ, ಕಾಲ. ಶಿಲೆಯೊಳಗೆ ಸದ್ದಿನ ವೇಗ ತಿಳಿಯದೆ ಕಾಲವನ್ನು ಆಳವಾಗಿಸಲು ಬಾರದು. ದಿಬ್ಬ ಇರುವುದೇ ನಿಜವಾದರೂ ಅದರಲ್ಲಿ ಎಣ್ಣೆಯಿದೆಯೆಂಬ ಭರವಸೆಯೂ ಇಲ್ಲ. ಹಣ್ಣನ್ನು ಕೊಯ್ದೇ ನೋಡಬೇಕು.

ಕೊಯ್ಯಲು ಸುಮಾರು ಹತ್ತು ವರ್ಷ ಬೇಕಾಯಿತು. ಅಷ್ಟು ದೂರದ ಕಡಲಿನಲ್ಲಿ ಕೊರೆಯುವ ಸಾಧನ ನಮ್ಮಲ್ಲಿರಲಿಲ್ಲ. 1973ರಲ್ಲಿ ಜಗತ್ತಿನ ತೈಲಬೆಲೆ ಏರಿ ದೇಶ ತತ್ತರಿಸುತ್ತಿದ್ದಾಗ, ಜಪಾನಿನಲ್ಲಿ ನಿರ್ಮಿತವಾದ ‘ಸಾಗರ ಸಾಮ್ರಾಟ್’ ಕೊರೆಯುವ ವೇದಿಕೆ ನಮ್ಮದಾಯಿತು. 1974ರ ಫೆಬ್ರವರಿಯಲ್ಲಿ ಮೊದಲ ಬಾವಿಯಲ್ಲಿಯೇ ಎಣ್ಣೆ ಕಂಡಿತು. 1976ರ ಮೇ ತಿಂಗಳಲ್ಲಿ ಉತ್ಪಾದನೆ ಆರಂಭವಾಯಿತು.

ಆದರೆ ನಕ್ಷೆಯ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ನಿಜವಾಗಿ ಮೊದಲಾದದ್ದೇ ಆಗ. ಬಾವಿಯೊಳಗೆ ಇಳಿಬಿಟ್ಟ ಉಪಕರಣಗಳು ಶಿಲೆಯ ವಿದ್ಯುತ್ ರೋಧ, ಸಾಂದ್ರತೆ, ಸಹಜ ವಿಕಿರಣಗಳನ್ನು ಅಳೆದು, ಎಲ್ಲಿ ಎಣ್ಣೆ, ಎಲ್ಲಿ ನೀರು ಎಂಬುದನ್ನು ಹೇಳುತ್ತವೆ. ಬಾವಿಯ ಸಾಕ್ಷ್ಯ ಖಚಿತ. ಆದರೆ ಅದು ಗೇಣಗಲದ ಸಾಕ್ಷ್ಯ. ಸದ್ದಿನ ಸಾಕ್ಷ್ಯ ವಿಶಾಲ, ಆದರೆ ಮಸುಕು. ಎರಡನ್ನೂ ಹೊಂದಿಸಿ, ಬಾವಿಬಾವಿಗಳ ನಡುವಿನ ಅಜ್ಞಾತವನ್ನು ತುಂಬುವುದೇ ನಕ್ಷೆಕಾರನ ಹೊಣೆ. ಇಲ್ಲಿ ಆ ಹೊಣೆ ಕಠಿನವಾದದ್ದು. ಎಲ್-3 ಎಂದು ಕರೆಯಲಾಗುವ ಮುಖ್ಯ ಸಂಗ್ರಹವು ಒಂದೇ ತೊಟ್ಟಿಯಲ್ಲ. ಜೇಡಿಪದರಗಳಿಂದ ಬೇರ್ಪಟ್ಟ, ಎಡೆಯಿಂದೆಡೆಗೆ ರಂಧ್ರಗಳ ಸ್ವರೂಪವೇ ಬದಲಾಗುವ ಸುಣ್ಣಕಲ್ಲಿನ ಅಟ್ಟಗಳು.

1980ರ ದಶಕದಲ್ಲಿ ದಿನಕ್ಕೆ 4 ಲಕ್ಷ ಬ್ಯಾರೆಲಿನಷ್ಟು ಎಣ್ಣೆ ಇಲ್ಲಿಂದ ಬಂತು. ಆ ದಶಕ ಮುಗಿಯುತ್ತಲೇ ಇಳಿತ ತೋರಿತು. ಅವಸರದಲ್ಲಿ ಹೀರಿ ಸಂಗ್ರಹದ ಒತ್ತಡ ಕುಗ್ಗಿಸಿದೆವೇ ಎಂಬ ಚರ್ಚೆಯೂ ಎದ್ದಿತು. ಆಮೇಲಿನ ಮೂರು ಆಯಾಮದ ಸಮೀಕ್ಷೆಗಳೂ ಹೊಸ ಶತಮಾನದ ಪುನರಭಿವೃದ್ಧಿಯೂ ಹಳೆಯ ನಕ್ಷೆಯನ್ನು ತಿದ್ದುವ ಯತ್ನಗಳೇ. ಅಲ್ಲಿದ್ದ ಎಣ್ಣೆಯ ಬಹುಪಾಲು ಇನ್ನೂ ಶಿಲೆಯೊಳಗೇ ಉಳಿದಿದೆ.

ಈ ಚರಿತ್ರೆಗೆ ಮನುಷ್ಯರು ತೆತ್ತ ಬೆಲೆಯೂ ಉಂಟು. 2005ರ ಜುಲೈ 26ರ ಮಹಾಮಳೆಯನ್ನು ಮುಂಬಯಿ ಮರೆತಿಲ್ಲ. ಅದರ ಮರುದಿನ ಬಾಂಬೆ ಹೈಯ ಉತ್ತರದ ವೇದಿಕೆಗೆ ಹಡಗೊಂದು ಬಡಿದು ಹೊತ್ತಿದ ಬೆಂಕಿಯಲ್ಲಿ 22 ಮಂದಿ ಗತಿಸಿದುದನ್ನು ನಗರದ ನೆನಪು ಅಷ್ಟಾಗಿ ಉಳಿಸಿಕೊಂಡಿಲ್ಲ. ತೀರದಿಂದ ಕಾಣದ ಎಡೆಯಲ್ಲಿ ದುಡಿದವರು ಅವರು. ಜುಹೂವಿನ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡುವಾಗ, ಆ ಧಾರವಾಡದ ದಿಕ್ಕಿನೊಂದಿಗೆ ಅವರನ್ನೂ ನೆನೆಯುವುದು ನಮ್ಮ ಪಾಲಿನ ಋಣ.